ಕ್ಯಾಲಿಬ್ರೇಷನ್ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸುವ ಮೊದಲು ಬೇಕಾದ ಗಣಿತ

ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದಲ್ಲಿ ಲಾರಿ, ಬೈಕು ಮತ್ತು ಕೈಗಡಿಯಾರ ತಯಾರಿಸುವ ದೊಡ್ಡ ಕಾರ್ಖಾನೆಗಳಿವೆ. ಅವುಗಳಿಗೆ ಬೋಲ್ಟು, ಸ್ಪ್ರಿಂಗು, ಗೇರು, ಎರಕದ ಭಾಗಗಳನ್ನು ಒದಗಿಸುವ ಸಣ್ಣ ಘಟಕಗಳು ಜೂಜುವಾಡಿಯ ಕಡೆಯಿಂದ ಬಾಗಲೂರು ರಸ್ತೆಯವರೆಗೆ ಹರಡಿಕೊಂಡಿವೆ. ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಉಸಿರಿನಲ್ಲಿ ಕೇಳಿಬರುವ ಈ ಘಟಕಗಳ ಗುಣಮಟ್ಟ ವಿಭಾಗಕ್ಕೆ ಹೋದರೆ, ಲೋಹದ ತುಂಡನ್ನು ಎಳೆದು ಮುರಿಯುವ ಯುಟಿಎಂ, ಬೋಲ್ಟನ್ನು ನಿಗದಿತ ಬಿಗಿತಕ್ಕೆ ತಿರುಗಿಸುವ ಟಾರ್ಕ್ ರೆಂಚ್, ಪ್ರೆಶರ್ ಗೇಜ್, ಕುಲುಮೆಯ ಉಷ್ಣತೆ ಅಳೆಯುವ ಸೆನ್ಸರ್ ಹೀಗೆ ಪ್ರತಿಯೊಂದರ ಮೇಲೂ ಒಂದು ಚಿಕ್ಕ ಸ್ಟಿಕರ್ ಕಾಣುತ್ತದೆ. ಕ್ಯಾಲಿಬ್ರೇಷನ್, ಅಂದರೆ ಉಪಕರಣದ ಅಳತೆಯನ್ನು ಹೆಚ್ಚು ನಿಖರವಾದದ್ದರೊಂದಿಗೆ ಹೋಲಿಸಿ ನೋಡುವ ಕೆಲಸ, ಆದ ದಿನ ಮತ್ತು ಮುಂದಿನ ಕ್ಯಾಲಿಬ್ರೇಷನ್ ಆಗಬೇಕಾದ ದಿನ ಅದರಲ್ಲಿರುತ್ತವೆ, ಮತ್ತು ಆಡಿಟ್‌ಗೆ ಬಂದವರು ಮೊದಲು ಬಗ್ಗಿ ನೋಡುವುದು ಅದನ್ನೇ.

ಆ ಸ್ಟಿಕರಿನ ಹಿಂದೆ ಒಂದು ಸರಪಳಿ ಇದೆ. ಘಟಕದ ಉಪಕರಣವನ್ನು ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ ಎನ್‌ಎಬಿಎಲ್‌ನಿಂದ ಮಾನ್ಯತೆ ಪಡೆದ ಪ್ರಯೋಗಾಲಯದ ಹೆಚ್ಚು ನಿಖರವಾದ ಉಪಕರಣದೊಂದಿಗೆ ಹೋಲಿಸಲಾಗುತ್ತದೆ. ಆ ಪ್ರಯೋಗಾಲಯದ ಉಪಕರಣವನ್ನು ಅದಕ್ಕಿಂತ ಮೇಲಿನದರೊಂದಿಗೆ ಹೋಲಿಸಲಾಗಿರುತ್ತದೆ, ಹೀಗೆ ಸಾಗಿ ಸರಪಳಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವನ್ನೋ ಅದಕ್ಕೆ ಸಮನಾದ ಹೊರದೇಶದ ಸಂಸ್ಥೆಯನ್ನೋ ಮುಟ್ಟುತ್ತದೆ. ಈ ಕೆಲಸದ ಬಹುಭಾಗ ಇಂದಿಗೂ ಕೈಯಿಂದಲೇ ನಡೆಯುತ್ತದೆ: ಒಬ್ಬರು ಭಾರ ಏರಿಸುತ್ತಾರೆ, ಇನ್ನೊಬ್ಬರು ಅಂಕಿ ಓದಿ ಬರೆದುಕೊಳ್ಳುತ್ತಾರೆ, ಸಂಜೆಗೆ ಅದು ಎಕ್ಸೆಲ್ ಹಾಳೆಗೆ ಸೇರುತ್ತದೆ. ಹಾಗಾಗಿ ಆಟೋಮೇಷನ್ ಎಂಬ ಮಾತು ಬಂದಾಗ ಹೆಚ್ಚಿನವರ ಕಣ್ಣ ಮುಂದೆ ಬರುವುದು ಕೇಬಲ್ ಮತ್ತು ಸಾಫ್ಟ್‌ವೇರ್. ಅದು ಕೆಲಸದ ಸುಲಭ ಭಾಗ. ಉಪಕರಣಗಳಿಗೆ ಕಂಪ್ಯೂಟರಿನಿಂದ ಆಜ್ಞೆ ಕೊಡುವ ವ್ಯವಸ್ಥೆಯನ್ನು ಹ್ಯೂಲೆಟ್-ಪ್ಯಾಕರ್ಡ್ ಕಂಪನಿ 1960ರ ದಶಕದ ಕೊನೆಯಲ್ಲಿಯೇ ರೂಪಿಸಿತ್ತು, 1975ರಲ್ಲಿ ಅದು ಐಇಇಇ 488 ಎಂಬ ಮಾನಕವೂ ಆಯಿತು. ಅಂಕಿಯನ್ನು ತಾನೇ ಓದಿಕೊಳ್ಳುವ ಯಂತ್ರಕ್ಕೆ, ಓದಿದ ಅಂಕಿ ಏನನ್ನು ಹೇಳುತ್ತಿದೆ ಎಂದು ತಿಳಿಸಿಕೊಡುವ ಗಣಿತದ ಮಾದರಿ ಇಲ್ಲದಿದ್ದರೆ, ತಪ್ಪು ಪ್ರಮಾಣಪತ್ರ ಬೇಗ ಸಿಗುತ್ತದೆ ಎಂಬುದನ್ನು ಬಿಟ್ಟು ಬೇರೆ ಲಾಭವಿಲ್ಲ.

ಮೊದಲಿಗೆ ಒಂದು ವಿಷಯ ಸ್ಪಷ್ಟವಾಗಿರಬೇಕು. ಕ್ಯಾಲಿಬ್ರೇಷನ್ ಮಾಡುವುದೆಂದರೆ ಉಪಕರಣವನ್ನು ಸರಿಪಡಿಸುವುದಲ್ಲ. ಅದು ತೋರಿಸುವ ಅಂಕಿಗೂ ನಿಜವಾದ ಬೆಲೆಗೂ ಇರುವ ಸಂಬಂಧವನ್ನು, ಆ ಸಂಬಂಧದಲ್ಲಿ ನಮಗಿರುವ ಅನಿಶ್ಚಿತತೆಯ ಸಮೇತ, ಕಂಡುಹಿಡಿದು ಬರೆದಿಡುವುದು. ಮನೆಯ ಗೋಡೆ ಗಡಿಯಾರ ಐದು ನಿಮಿಷ ಮುಂದಿದೆ ಎಂದು ತಿಳಿದವರು ಅದನ್ನು ತಿದ್ದದೆಯೂ ಬೆಂಗಳೂರಿನ ಬಸ್ಸನ್ನು ಸರಿಯಾದ ಸಮಯಕ್ಕೆ ಹಿಡಿಯುತ್ತಾರೆ. ತಿದ್ದುವುದು ಬೇರೆಯೇ ಕ್ರಿಯೆ, ತಿದ್ದಿದ ಮೇಲೆ ಮತ್ತೊಮ್ಮೆ ಕ್ಯಾಲಿಬ್ರೇಷನ್ ಆಗಬೇಕು. ಸಂಬಂಧವನ್ನು ಕಂಡುಹಿಡಿಯುವುದೇ ಕೆಲಸ ಎಂದಾದಾಗ ಗಣಿತದ ಮಾದರಿ ಹೊರಗಿನಿಂದ ತಂದು ಸೇರಿಸುವ ವಸ್ತುವಾಗಿ ಉಳಿಯುವುದಿಲ್ಲ, ಏಕೆಂದರೆ ನಾವು ಹುಡುಕುತ್ತಿರುವ ಸಂಬಂಧಕ್ಕೆ ಇರುವ ಇನ್ನೊಂದು ಹೆಸರೇ ಅದು.

ಯುಟಿಎಂನ ಬಲವನ್ನು ಅಳೆಯುವ ಲೋಡ್ ಸೆಲ್ ಅನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಉಕ್ಕಿನ ದೇಹದ ಮೇಲೆ ಅಂಟಿಸಿದ ಸ್ಟ್ರೇನ್ ಗೇಜ್‌ಗಳು ಬಲ ಬಿದ್ದಾಗ ಅತಿ ಸ್ವಲ್ಪ ಹಿಗ್ಗುತ್ತವೆ ಅಥವಾ ಕುಗ್ಗುತ್ತವೆ, ಅವುಗಳ ವಿದ್ಯುತ್ ರೋಧ ಬದಲಾಗುತ್ತದೆ, ಆ ಬದಲಾವಣೆ ಒಂದು ವೋಲ್ಟಿಗೆ ಇಷ್ಟು ಮಿಲಿವೋಲ್ಟ್ ಎಂಬ ಸಂಕೇತವಾಗಿ ಹೊರಬರುತ್ತದೆ. ಲೆಕ್ಕಕ್ಕೆ ಅನುಕೂಲವಾಗುವಂತೆ ಹೆಣೆದ ಅಂಕಿಗಳು ಇವು: 50 ಕಿಲೋನ್ಯೂಟನ್ ಸಾಮರ್ಥ್ಯದ ಒಂದು ಲೋಡ್ ಸೆಲ್ 10, 20, 30, 40, 50 ಕಿಲೋನ್ಯೂಟನ್‌ಗಳಲ್ಲಿ ಕ್ರಮವಾಗಿ 0.4003, 0.8004, 1.2003, 1.6000, 1.9995 ಎಂಬ ಸಂಕೇತ ಕೊಟ್ಟಿತು. ಭಾರವಿಲ್ಲದಾಗ ಸೊನ್ನೆ. ಕಣ್ಣಿಗೆ ಇದು ಶುದ್ಧ ಸರಳರೇಖೆ. ಸೊನ್ನೆಯನ್ನೂ ಪೂರ್ಣ ಭಾರವನ್ನೂ ಸೇರಿಸುವ ರೇಖೆ ಎಳೆದರೆ ಒಂದು ಕಿಲೋನ್ಯೂಟನ್‌ಗೆ 0.03999 ಎಂಬ ಇಳಿಜಾರು ಸಿಗುತ್ತದೆ, ಹಳೆಯ ಇಂಡಿಕೇಟರುಗಳು ಮಾಡುವುದೂ ಬಹುಮಟ್ಟಿಗೆ ಇಷ್ಟನ್ನೇ.

ಈಗ ಪ್ರತಿ ಬಿಂದುವಿನಲ್ಲಿ ರೇಖೆ ಹೇಳುವ ಬೆಲೆಯನ್ನು ನಿಜವಾದ ಓದಿನಿಂದ ಕಳೆಯಬೇಕು. ಉಳಿಯುವುದಕ್ಕೆ ಶೇಷ ಎನ್ನುತ್ತಾರೆ. ಇಲ್ಲಿ ನಾಲ್ಕನೆಯ ದಶಮಾಂಶ ಸ್ಥಾನದಲ್ಲಿ ಶೇಷಗಳು ಸೊನ್ನೆ, 4, 6, 6, 4, ಸೊನ್ನೆ ಎಂದು ಬರುತ್ತವೆ. ಗಾತ್ರ ಚಿಕ್ಕದು, ಆದರೆ ಗಮನಿಸಬೇಕಾದದ್ದು ಗಾತ್ರವನ್ನಲ್ಲ, ಆಕಾರವನ್ನು. ಮಾಪನದ ಸಹಜ ಚೆದುರುವಿಕೆ ಮಾತ್ರ ಇದ್ದಿದ್ದರೆ ಶೇಷಗಳು ಅತ್ತಿತ್ತ ಹಾರಾಡಬೇಕಿತ್ತು, ಇವು ಬಿಲ್ಲಿನಂತೆ ಬಾಗಿವೆ. ಎಂದರೆ ಲೋಡ್ ಸೆಲ್‌ನ ವರ್ತನೆಯಲ್ಲಿ ಸರಳರೇಖೆ ಹಿಡಿಯಲಾಗದ ಒಂದು ವಕ್ರತೆ ಇದೆ. 10 ಕಿಲೋನ್ಯೂಟನ್‌ನಲ್ಲಿ ಈ ವ್ಯತ್ಯಾಸ ಸುಮಾರು 10 ನ್ಯೂಟನ್, ಅಂದರೆ ಶೇಕಡ 0.1. ಬಲದ ವರ್ಗವನ್ನೂ ಒಳಗೊಳ್ಳುವ ಇನ್ನೊಂದು ಪದವನ್ನು ಸಮೀಕರಣಕ್ಕೆ ಸೇರಿಸಿದರೆ, 0.04004 ಮತ್ತು ಋಣ 0.000001 ಎಂಬ ಎರಡು ಗುಣಾಂಕಗಳಿಂದ ಐದೂ ಬಿಂದುಗಳು ಸರಿಹೊಂದುತ್ತವೆ. ನಿಜವಾದ ದತ್ತಾಂಶದಲ್ಲಿ ಹೊಂದಾಣಿಕೆ ಇಷ್ಟು ಚೊಕ್ಕವಾಗಿ ಬರುವುದಿಲ್ಲ. ಆಗ ಶೇಷಗಳ ವರ್ಗಗಳ ಮೊತ್ತ ಅತಿ ಕಡಿಮೆಯಾಗುವಂತೆ ಗುಣಾಂಕಗಳನ್ನು ಆರಿಸಬೇಕು. ಫ್ರಾನ್ಸಿನ ಲೆಜಾಂಡ್ರ್ 1805ರಲ್ಲಿ ಧೂಮಕೇತುಗಳ ಕಕ್ಷೆ ಲೆಕ್ಕ ಹಾಕಲು ಪ್ರಕಟಿಸಿದ ವಿಧಾನ ಅದು, ಇಂದು ಬಹುತೇಕ ಕ್ಯಾಲಿಬ್ರೇಷನ್ ಸಾಫ್ಟ್‌ವೇರ್‌ಗಳ ಹೊಟ್ಟೆಯೊಳಗೂ ಅದೇ ಇದೆ.

ಹಾಗಿದ್ದರೆ ಮೂರನೆಯ, ನಾಲ್ಕನೆಯ ಘಾತಗಳನ್ನೂ ಸೇರಿಸಿಬಿಡಬಹುದಲ್ಲ ಎಂಬ ಆಸೆ ಸಹಜ. ಆರು ಬಿಂದುಗಳ ಮೂಲಕ ಐದನೆಯ ಘಾತದ ಬಹುಪದೋಕ್ತಿಯನ್ನು ಯಾವಾಗಲೂ ಹಾಯಿಸಬಹುದು, ಶೇಷ ಪೂರ್ತಿ ಸೊನ್ನೆಯಾಗುತ್ತದೆ, ವರದಿ ನೋಡಲು ಬಹಳ ಚೆನ್ನಾಗಿರುತ್ತದೆ. ಆದರೆ ಆ ವಕ್ರರೇಖೆ ಓದಿನ ಗದ್ದಲವನ್ನೂ ಉಪಕರಣದ ಗುಣವೆಂದೇ ನಂಬಿಕೊಂಡಿರುತ್ತದೆ, ಎರಡು ಬಿಂದುಗಳ ನಡುವೆ ಅದು ಎಲ್ಲಿ ಉಬ್ಬುತ್ತದೆ ಎಂದು ಹೇಳಲಾಗುವುದಿಲ್ಲ. ಸೇರಿಸಿದ ಪ್ರತಿಯೊಂದು ಪದವೂ ತನ್ನ ಅನಿಶ್ಚಿತತೆಗಿಂತ ಸ್ಪಷ್ಟವಾಗಿ ದೊಡ್ಡದಾಗಿದೆಯೇ ಎಂದು ಒರೆಗೆ ಹಚ್ಚಿ, ಇಲ್ಲವಾದರೆ ಆ ಪದವನ್ನು ಕೈಬಿಡುವ ನಿಯಮವನ್ನು ಸಾಫ್ಟ್‌ವೇರಿಗೆ ಮೊದಲೇ ಕೊಟ್ಟಿರಬೇಕು. ಕಡಿಮೆ ಪದಗಳಿದ್ದು ಶೇಷಗಳಲ್ಲಿ ಆಕಾರವಿಲ್ಲದ ಮಾದರಿಯೇ ನನ್ನ ಮಟ್ಟಿಗೆ ಒಳ್ಳೆಯ ಮಾದರಿ.

ಇದಕ್ಕಿಂತ ಒಳ್ಳೆಯ ಸ್ಥಿತಿಯೂ ಇದೆ. ಉಪಕರಣದ ವರ್ತನೆ ಭೌತವಿಜ್ಞಾನದಿಂದ ಗೊತ್ತಿದ್ದಾಗ ಸಮೀಕರಣದ ಆಕಾರವನ್ನು ಹುಡುಕಬೇಕಾಗಿಯೇ ಇಲ್ಲ. ಕುಲುಮೆ ಮತ್ತು ಓವನ್‌ಗಳಲ್ಲಿ ಬಳಸುವ ಪಿಟಿ-100 ಎಂಬ ಪ್ಲಾಟಿನಂ ಸೆನ್ಸರ್‌ನ ರೋಧ 0 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಓಮ್, 100 ಡಿಗ್ರಿಯಲ್ಲಿ 138.51 ಓಮ್. ಈ ನಡುವಿನ ಹಾಗೂ ಇದಕ್ಕೂ ಮೇಲಿನ ಉಷ್ಣತೆಗಳಿಗೆ ಕ್ಯಾಲೆಂಡರ್ ಮತ್ತು ವಾನ್ ಡ್ಯೂಸನ್ ಅವರ ಹೆಸರಿನ ಸಮೀಕರಣವಿದೆ, ಅದರಲ್ಲಿ 0 ಡಿಗ್ರಿಗಿಂತ ಮೇಲೆ ಗೊತ್ತಾಗಬೇಕಾದ ಗುಣಾಂಕಗಳು ಮೂರೇ. ಮೂರು ಅಜ್ಞಾತಗಳಿಗೆ ಮೂರು ಬಿಂದುಗಳು ಸಾಕು. ನಾಲ್ಕನೆಯದನ್ನೂ ಐದನೆಯದನ್ನೂ ಅಳೆದರೆ ಅವು ಲೆಕ್ಕಕ್ಕಲ್ಲ, ಲೆಕ್ಕವನ್ನು ಪರೀಕ್ಷಿಸುವುದಕ್ಕೆ. ಕೈಯಿಂದ ಇಪ್ಪತ್ತು ಬಿಂದು ಅಳೆಯುತ್ತಿದ್ದಲ್ಲಿ ಐದರಲ್ಲಿ ಮುಗಿಯುವುದಾದರೆ, ಉಳಿದ ಸಮಯ ಬಂದದ್ದು ಕೇಬಲಿನಿಂದಲ್ಲ, ಸಮೀಕರಣದಿಂದ.

ಮಾದರಿಯೊಳಗೆ ಉಪಕರಣ ಮಾತ್ರವಲ್ಲ, ಅದು ನಿಂತಿರುವ ನೆಲವೂ ಬರಬೇಕು. ಇದನ್ನು ನಮ್ಮ ಭಾಗದವರು ವಿಶೇಷವಾಗಿ ಗಮನಿಸಬೇಕು. ಬಲವನ್ನು ಕ್ಯಾಲಿಬ್ರೇಟ್ ಮಾಡುವ ಅತಿ ನೇರವಾದ ದಾರಿಯೆಂದರೆ ಗೊತ್ತಿರುವ ದ್ರವ್ಯರಾಶಿಯನ್ನು ತೂಗುಹಾಕುವುದು. ದ್ರವ್ಯರಾಶಿಯನ್ನು ಗುರುತ್ವ ವೇಗೋತ್ಕರ್ಷದಿಂದ ಗುಣಿಸಿದರೆ ಬಲ. ಈ ವೇಗೋತ್ಕರ್ಷಕ್ಕೆ ಅಂತರರಾಷ್ಟ್ರೀಯವಾಗಿ ಒಪ್ಪಿಕೊಂಡಿರುವ ಮಾನಕ ಬೆಲೆ 9.80665, ಹಳೆಯ ಯಂತ್ರಗಳ ಕಿಲೋಗ್ರಾಂ-ಬಲ ಎಂಬ ಏಕಮಾನ ನಿಂತಿರುವುದೂ ಇದರ ಮೇಲೆಯೇ. ಹೊಸೂರು ಇರುವುದು ಸಮಭಾಜಕ ವೃತ್ತದಿಂದ 13 ಡಿಗ್ರಿಗಿಂತ ಕಡಿಮೆ ಅಂತರದಲ್ಲಿ, ಅದೂ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಭೂಮಿಯ ಭ್ರಮಣ ಮತ್ತು ಆಕಾರದಿಂದಾಗಿ ಸಮಭಾಜಕದ ಬಳಿ ಗುರುತ್ವ ಕಡಿಮೆ, ಎತ್ತರಕ್ಕೆ ಹೋದಂತೆ ಇನ್ನಷ್ಟು ಕಡಿಮೆ. ಇಲ್ಲಿನ ಬೆಲೆ ಸುಮಾರು 9.78. ಆದ್ದರಿಂದ 100 ಕಿಲೋಗ್ರಾಂ ದ್ರವ್ಯರಾಶಿ ಇಲ್ಲಿ ಉಂಟುಮಾಡುವ ಬಲ 980.665 ನ್ಯೂಟನ್ ಅಲ್ಲ, ಸುಮಾರು 978 ನ್ಯೂಟನ್.

ವ್ಯತ್ಯಾಸ ಶೇಕಡ 0.27. ಶೇಕಡ 4ರಷ್ಟು ದೋಷಕ್ಕೆ ಅವಕಾಶವಿರುವ ಟಾರ್ಕ್ ರೆಂಚಿಗೆ ಇದು ಲೆಕ್ಕಕ್ಕಿಲ್ಲ. ಯುಟಿಎಂಗಳ ಮಾನಕ ಐಎಸ್‌ಒ 7500-1ರ 0.5 ಎಂಬ ನಿಖರತೆಯ ದರ್ಜೆಯ ಯುಟಿಎಂಗೆ ಅನುಮತಿಸಿದ ದೋಷವೇ ಶೇಕಡ 0.5, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲನ್ನು ಯಂತ್ರದ ತಪ್ಪೇ ಇಲ್ಲದೆ ಈ ಒಂದು ಸಂಖ್ಯೆ ನುಂಗಿಬಿಡುತ್ತದೆ. ಬೇರೆ ದೇಶದಲ್ಲಿ ಬರೆದ ಸಾಫ್ಟ್‌ವೇರಿನೊಳಗೆ ಆ ಊರಿನ ಗುರುತ್ವದ ಬೆಲೆಯೋ ಮಾನಕ ಬೆಲೆಯೋ ಸ್ಥಿರಾಂಕವಾಗಿ ಕುಳಿತಿದ್ದರೆ, ಕೈಯಿಂದ ಮಾಡುವಾಗ ಅನುಭವಸ್ಥರೊಬ್ಬರು ಹಿಡಿಯಬಹುದಾಗಿದ್ದ ದೋಷವನ್ನು ಆ ವ್ಯವಸ್ಥೆ ಪ್ರತಿ ಬಾರಿಯೂ ತಪ್ಪದೆ ಪುನರಾವರ್ತಿಸುತ್ತದೆ. ಅದೂ ಶೇಷಗಳಲ್ಲಿ ಯಾವ ಆಕಾರವನ್ನೂ ತೋರಿಸದೆ, ಏಕೆಂದರೆ ಎಲ್ಲ ಬಿಂದುಗಳೂ ಒಂದೇ ಪ್ರಮಾಣದಲ್ಲಿ ಸರಿದಿರುತ್ತವೆ. ಗಾಳಿಯ ತೇಲಿಸುವ ಬಲ ಇದರ ಮುಂದೆ ಚಿಕ್ಕದು: ಉಕ್ಕಿನ ತೂಕಗಳಿಗೆ ಸುಮಾರು ಶೇಕಡ 0.014. ಅದನ್ನೂ ಬಿಡುವ ಹಾಗಿಲ್ಲದ ಪ್ರಯೋಗಾಲಯಗಳು ಗಾಳಿಯ ಒತ್ತಡ, ಉಷ್ಣತೆ, ತೇವಾಂಶಗಳ ಸೆನ್ಸರ್‌ಗಳನ್ನು ಅದೇ ಕಂಪ್ಯೂಟರಿಗೆ ಜೋಡಿಸುತ್ತವೆ.

ಇನ್ನು ಕಾಯುವ ವಿಷಯ. ಉಷ್ಣತೆಯ ಕ್ಯಾಲಿಬ್ರೇಷನ್‌ನಲ್ಲಿ ದಿನದ ಹೆಚ್ಚಿನ ಭಾಗ ಹೋಗುವುದು ಅಳೆಯುವುದಕ್ಕಲ್ಲ, ಬಾತ್ ಎಂದು ಕರೆಯುವ, ಉಷ್ಣತೆ ನಿಯಂತ್ರಿಸಿದ ತೊಟ್ಟಿಯಲ್ಲಿರುವ ದ್ರವ ಮತ್ತು ಅದರಲ್ಲಿ ಮುಳುಗಿಸಿದ ಸೆನ್ಸರ್ ನೆಲೆಗೊಳ್ಳುವುದಕ್ಕೆ. ನೆಲೆಗೊಳ್ಳುವ ಕ್ರಿಯೆ ಸ್ಥೂಲವಾಗಿ ಘಾತೀಯ: ಉಳಿದಿರುವ ಅಂತರ ಒಂದು ನಿಗದಿತ ಅವಧಿಯಲ್ಲಿ ಯಾವಾಗಲೂ ಒಂದೇ ಅನುಪಾತದಲ್ಲಿ ಕುಗ್ಗುತ್ತದೆ. ಈ ಅವಧಿಗೆ ಕಾಲ ಸ್ಥಿರಾಂಕ ಎನ್ನುತ್ತಾರೆ, ಒಂದು ಕಾಲ ಸ್ಥಿರಾಂಕ ಕಳೆದಾಗ ಅಂತರ ಮೊದಲಿನ ಶೇಕಡ 37ಕ್ಕೆ ಇಳಿಯುತ್ತದೆ, ಐದು ಕಳೆದಾಗ ಶೇಕಡ 0.7ಕ್ಕೆ. ಐದು ಪಟ್ಟು ಕಾದರೆ ಸಾಕು ಎಂಬ ಮಾತು ಈ ಲೆಕ್ಕದಿಂದಲೇ ಬಂದದ್ದು, ಆದರೆ ಅದು ಎಲ್ಲ ಸಂದರ್ಭಕ್ಕೂ ಸಾಲದು. ಕಾಲ ಸ್ಥಿರಾಂಕ 6 ನಿಮಿಷವಿರುವ ವ್ಯವಸ್ಥೆಯ ಉಷ್ಣತೆಯನ್ನು 50 ಡಿಗ್ರಿ ಏರಿಸಿ, 0.01 ಡಿಗ್ರಿಯೊಳಗೆ ನೆಲೆಗೊಳ್ಳಲೆಂದು ಬಯಸಿದರೆ ಅಂತರ ಐದು ಸಾವಿರದ ಒಂದು ಪಾಲಿಗೆ ಇಳಿಯಬೇಕು, ಅದಕ್ಕೆ ಸುಮಾರು ಎಂಟೂವರೆ ಕಾಲ ಸ್ಥಿರಾಂಕಗಳು, ಎಂದರೆ 51 ನಿಮಿಷ ಬೇಕು. ಅರ್ಧ ಗಂಟೆಗೆ ಓದಿಕೊಂಡವರ ಅಂಕಿಯಲ್ಲಿ ಡಿಗ್ರಿಯ ಮೂರನೆಯ ಒಂದು ಭಾಗದಷ್ಟು ದೋಷ ಇನ್ನೂ ಉಳಿದಿರುತ್ತದೆ. ಅದೇ ವ್ಯವಸ್ಥೆಯಲ್ಲಿ 2 ಡಿಗ್ರಿಯ ಹೆಜ್ಜೆಗೆ 32 ನಿಮಿಷ ಸಾಕು.

ಇಲ್ಲಿ ಆಟೋಮೇಷನ್ ನಿಜವಾದ ಉಪಕಾರ ಮಾಡುತ್ತದೆ. ಕಂಪ್ಯೂಟರ್ ಕೆಲವು ಸೆಕೆಂಡಿಗೊಮ್ಮೆ ಓದುತ್ತಾ ಘಾತೀಯ ವಕ್ರವನ್ನು ಹೊಂದಿಸಿಕೊಂಡು, ಕಾಲ ಸ್ಥಿರಾಂಕವನ್ನು ತಾನೇ ಅಂದಾಜು ಮಾಡಿ, ಇನ್ನೆಷ್ಟು ಕಾಯಬೇಕೆಂದು ಪ್ರತಿ ಹೆಜ್ಜೆಗೂ ಬೇರೆಯಾಗಿ ತೀರ್ಮಾನಿಸಬಲ್ಲದು. ಮುಂದೆ ಎಲ್ಲಿ ನೆಲೆಗೊಳ್ಳುತ್ತದೆ ಎಂಬುದನ್ನೂ ಅದೇ ವಕ್ರದಿಂದ ಮೊದಲೇ ಹೇಳಬಹುದು, ಮತ್ತು ಕಾಯುವುದನ್ನೇ ಬಿಟ್ಟು ಆ ಭವಿಷ್ಯದ ಅಂಕಿಯನ್ನು ಪ್ರಮಾಣಪತ್ರಕ್ಕೆ ಹಾಕುವ ಸಲಹೆಗಳೂ ಕೇಳಿಬರುತ್ತವೆ. ನಾನು ಅದನ್ನು ಒಪ್ಪುವುದಿಲ್ಲ. ನಿಜವಾದ ಬಾತ್‌ನಲ್ಲಿ ಹೀಟರ್‌ನ ನಿಯಂತ್ರಣ ಒಂದು ವೇಗದಲ್ಲಿ, ಸೆನ್ಸರ್‌ನ ಕವಚ ಇನ್ನೊಂದು ವೇಗದಲ್ಲಿ ವರ್ತಿಸುತ್ತವೆ, ಒಂದೇ ಘಾತೀಯ ವಕ್ರ ಎರಡನ್ನೂ ಹಿಡಿಯುವುದಿಲ್ಲ. ಮಾದರಿ ಯಾವಾಗ ಓದಬೇಕೆಂದು ಹೇಳಲಿ. ಓದುವುದು ಮಾತ್ರ ನೆಲೆಗೊಂಡ ಸೆನ್ಸರ್‌ನಿಂದಲೇ ಆಗಬೇಕು.

ಭಾರ ಏರಿಸುವ ಕ್ರಮದಲ್ಲಿಯೂ ಇಂಥದ್ದೇ ಒಂದು ಸೂಕ್ಷ್ಮವಿದೆ. ಲೋಡ್ ಸೆಲ್ ಮತ್ತು ಪ್ರೆಶರ್ ಗೇಜ್‌ಗಳಿಗೆ ಹಿಂದಿನದರ ನೆನಪಿರುತ್ತದೆ: 30 ಕಿಲೋನ್ಯೂಟನ್‌ಗೆ ಕೆಳಗಿನಿಂದ ಬಂದಾಗ ತೋರಿಸುವ ಅಂಕಿಯೂ ಮೇಲಿನಿಂದ ಇಳಿದಾಗ ತೋರಿಸುವ ಅಂಕಿಯೂ ಒಂದೇ ಆಗಿರುವುದಿಲ್ಲ. ಆದ್ದರಿಂದ ಏರಿಕೆಗೆ ಒಂದು ವಕ್ರ, ಇಳಿಕೆಗೆ ಇನ್ನೊಂದು ಬೇಕು. ನಿಯಂತ್ರಕ ಆತುರದಲ್ಲಿ 30ನ್ನು ದಾಟಿ 30.4ಕ್ಕೆ ಹೋಗಿ ಮತ್ತೆ 30ಕ್ಕೆ ಮರಳಿದರೆ, ಪರದೆಯ ಮೇಲೆ ಬಿಂದು ಸರಿಯಾಗಿ ಕಾಣುತ್ತದೆ, ಆದರೆ ಆ ಓದು ಏರಿಕೆಯ ವಕ್ರಕ್ಕೂ ಸೇರದು, ಇಳಿಕೆಯದಕ್ಕೂ ಸೇರದು. ಪಂಪನ್ನು ಕೈಯಿಂದ ಒತ್ತುತ್ತಿದ್ದ ಹಳಬರು ಇದನ್ನು ತಿಳಿದೇ ಕೊನೆಯಲ್ಲಿ ನಿಧಾನವಾಗಿ ಒತ್ತುತ್ತಿದ್ದರು. ಪ್ರೋಗ್ರಾಮಿನಲ್ಲಿ ಅದನ್ನು ಸ್ಪಷ್ಟವಾಗಿ ಬರೆಯಬೇಕು: ಗುರಿ ಹತ್ತಿರವಾದಂತೆ ವೇಗ ತಗ್ಗಲಿ, ದಾಟಿದರೆ ಆ ಬಿಂದುವನ್ನು ತಿರಸ್ಕರಿಸಿ ಸೊನ್ನೆಯಿಂದ ಮತ್ತೆ ಏರಿಸಲಿ.

ಸಂಬಂಧ ಸಿಕ್ಕಿತು ಎಂದಿಟ್ಟುಕೊಳ್ಳೋಣ. ಅದರ ಅನಿಶ್ಚಿತತೆ ಎಷ್ಟು? ಹೋಲಿಕೆಗೆ ಬಳಸಿದ ಸ್ಟಾಂಡರ್ಡ್ ಉಪಕರಣದ್ದೊಂದು, ಓದಿನ ಚೆದುರುವಿಕೆಯದೊಂದು, ಉಷ್ಣತೆಯದೊಂದು, ಮಾದರಿಯ ಹೊಂದಾಣಿಕೆಯದೊಂದು, ಇವುಗಳನ್ನು ವರ್ಗ ಮಾಡಿ ಕೂಡಿ ವರ್ಗಮೂಲ ತೆಗೆದು, ಸಾಮಾನ್ಯವಾಗಿ 2ರಿಂದ ಗುಣಿಸಿ, ಸುಮಾರು ಶೇಕಡ 95ರ ಭರವಸೆಯ ವ್ಯಾಪ್ತಿಯಾಗಿ ಬರೆಯುವುದು ರೂಢಿ. 1993ರಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗದರ್ಶಿ ಈ ದಾರಿಯನ್ನು ಸ್ಥಿರಪಡಿಸಿತು. ಮಾದರಿ ಬಹಳ ವಕ್ರವಾಗಿದ್ದಾಗ ಈ ಸೂತ್ರ ಸಾಲದಾಗುತ್ತದೆ, ಆಗ ಪ್ರತಿ ಮೂಲದಿಂದಲೂ ಯಾದೃಚ್ಛಿಕ ಬೆಲೆಗಳನ್ನು ಆರಿಸಿ ಅದೇ ಲೆಕ್ಕವನ್ನು ಹತ್ತು ಲಕ್ಷ ಬಾರಿ ಮಾಡಿ ಉತ್ತರಗಳ ಹರವನ್ನು ನೋಡುವ ಮಾಂಟೆ ಕಾರ್ಲೊ ವಿಧಾನವಿದೆ. ಸಾಧಾರಣ ಕಂಪ್ಯೂಟರಿಗೂ ಇದು ಕ್ಷಣಗಳ ಕೆಲಸ.

ಈ ಸಂಖ್ಯೆಯ ಪ್ರಯೋಜನ ತೀರ್ಪು ಕೊಡುವಾಗ ತಿಳಿಯುತ್ತದೆ. ಯುಟಿಎಂ ಒಂದರ ಮಿತಿ ಶೇಕಡ 1, ಕಂಡ ದೋಷ ಶೇಕಡ 0.9, ಅನಿಶ್ಚಿತತೆ ಶೇಕಡ 0.25 ಎಂದರೆ ನಿಜವಾದ ದೋಷ 0.65ರಿಂದ 1.15ರೊಳಗೆ ಎಲ್ಲಿಯಾದರೂ ಇರಬಹುದು. ಮಿತಿಯೊಂದಿಗೆ ಮಾತ್ರ ಹೋಲಿಸುವ ಪ್ರೋಗ್ರಾಂ ಇದನ್ನು ಹಸಿರು ಬಣ್ಣದಲ್ಲಿ ಪಾಸ್ ಎಂದು ತೋರಿಸುತ್ತದೆ. ಮಿತಿಯಿಂದ ಅನಿಶ್ಚಿತತೆಯನ್ನು ಕಳೆದು, 0.75ರ ಒಳಗಿದ್ದರೆ ಮಾತ್ರ ಪಾಸ್ ಎನ್ನುವುದು ಎಚ್ಚರದ ದಾರಿ. ಯಾವ ನಿಯಮದಿಂದ ತೀರ್ಪು ಕೊಡುತ್ತೇವೆಂದು ಪ್ರಯೋಗಾಲಯ ಗ್ರಾಹಕರೊಂದಿಗೆ ಮೊದಲೇ ಒಪ್ಪಂದಕ್ಕೆ ಬಂದು ದಾಖಲಿಸಬೇಕೆಂದು ಪ್ರಯೋಗಾಲಯಗಳ ಅಂತರರಾಷ್ಟ್ರೀಯ ಮಾನಕ ಐಎಸ್‌ಒ/ಐಇಸಿ 17025ರ 2017ರ ಆವೃತ್ತಿ ಹೇಳುತ್ತದೆ. ವಾಸ್ತವದಲ್ಲಿ ಬಹಳ ಗ್ರಾಹಕರು ಈ ಸಾಲನ್ನು ಓದದೆ ಸಹಿ ಹಾಕುತ್ತಾರೆ.

ಸ್ಟಿಕರಿನಲ್ಲಿರುವ ಎರಡನೆಯ ದಿನಾಂಕ, ಅಂದರೆ ಮುಂದಿನ ಕ್ಯಾಲಿಬ್ರೇಷನ್ ಯಾವಾಗ ಎಂಬುದೂ ಮಾದರಿಯಿಂದ ಬರಬಹುದಾದದ್ದೇ. ಒಂದು ವರ್ಷ ಎಂಬುದು ರೂಢಿ, ಪ್ರಕೃತಿಯ ನಿಯಮವಲ್ಲ. ಟಾರ್ಕ್ ರೆಂಚಿನ ಮಾನಕ ಐಎಸ್‌ಒ 6789, ಬೇರೆ ವ್ಯವಸ್ಥೆ ಇಲ್ಲದಿದ್ದರೆ 12 ತಿಂಗಳು ಅಥವಾ 5000 ಬಾರಿಯ ಬಳಕೆ, ಯಾವುದು ಮೊದಲೋ ಅದು ಎನ್ನುತ್ತದೆ. ಇಲ್ಲಿ ಸವೆತವನ್ನು ಅಳೆಯುವುದು ಕ್ಯಾಲೆಂಡರಿನಿಂದ ಮಾತ್ರವಲ್ಲ, ಬಳಕೆಯ ಎಣಿಕೆಯಿಂದಲೂ ಹೌದು. ಮೂರು ಪಾಳಿಯಲ್ಲಿ ಓಡುವ ಜೋಡಣಾ ಸಾಲಿನಲ್ಲಿ ಆ ಎಣಿಕೆ ಕೆಲವೇ ದಿನಗಳಲ್ಲಿ ತುಂಬಿಹೋಗಬಹುದು. ಹಿಂದಿನ ಪ್ರಮಾಣಪತ್ರಗಳ ದೋಷಗಳನ್ನು ಕಾಲದ ಅಥವಾ ಬಳಕೆಯ ಎದುರು ಗುರುತಿಸಿ, ಅದು ಯಾವ ವೇಗದಲ್ಲಿ ಮಿತಿಯತ್ತ ಸರಿಯುತ್ತಿದೆ ಎಂದು ಲೆಕ್ಕ ಹಾಕಬಹುದು. ಆದರೆ ಮೂರು ಪ್ರಮಾಣಪತ್ರಗಳಿಂದ ಎಳೆದ ರೇಖೆಯ ಅನಿಶ್ಚಿತತೆ ಮುಂದಕ್ಕೆ ಹೋದಂತೆ ಬೀಸಣಿಗೆಯಾಗಿ ಹರಡುತ್ತದೆ. ಅಷ್ಟು ಕಡಿಮೆ ಇತಿಹಾಸದ ಆಧಾರದಲ್ಲಿ ಅವಧಿಯನ್ನು ಹೆಚ್ಚಿಸುವುದು ಉಳಿತಾಯದಂತೆ ಕಂಡರೂ ಜೂಜು. ಕಡಿಮೆ ಮಾಡುವುದಕ್ಕೆ ಮಾತ್ರ ಅಷ್ಟು ಸಾಕ್ಷ್ಯ ಸಾಕು.

ಸಾಫ್ಟ್‌ವೇರನ್ನೇ ಪರೀಕ್ಷಿಸುವವರು ಯಾರು? ಬಳಕೆಗೆ ಮೊದಲು ಮತ್ತು ಪ್ರತಿ ಬದಲಾವಣೆಯ ನಂತರ ಅದು ಸರಿಯಾಗಿದೆಯೆಂದು ದೃಢಪಡಿಸುವ ಹೊಣೆ ಪ್ರಯೋಗಾಲಯದ್ದೇ ಎಂದು 17025 ಹೇಳುತ್ತದೆ, ತಾವೇ ಬರೆದ ಎಕ್ಸೆಲ್ ಹಾಳೆಯನ್ನೂ ಇದರಿಂದ ಹೊರಗಿಡುವಂತಿಲ್ಲ. ಸುಲಭವಾದ ದಾರಿಯೆಂದರೆ, ಉತ್ತರ ಗೊತ್ತಿರುವ ಕೃತಕ ದತ್ತಾಂಶವನ್ನು ಕೊಟ್ಟು ಅದೇ ಉತ್ತರ ಬರುತ್ತದೆಯೇ ನೋಡುವುದು. ಮೇಲಿನ ಲೋಡ್ ಸೆಲ್ ಅಂಕಿಗಳನ್ನೇ ಹಾಕಬಹುದು. ಇನ್ನೂ ಕಠಿಣ ಪರೀಕ್ಷೆ ಬೇಕಾದರೆ ಅಮೆರಿಕದ ರಾಷ್ಟ್ರೀಯ ಮಾಪನ ಸಂಸ್ಥೆ ಎನ್‌ಐಎಸ್‌ಟಿ ಪ್ರಕಟಿಸಿರುವ ಮಾದರಿ ದತ್ತಾಂಶಗಳಿವೆ. ಅವುಗಳಲ್ಲಿ ಹತ್ತನೆಯ ಘಾತದ ಬಹುಪದೋಕ್ತಿಯ ಒಂದು ಗುಂಪಿದೆ, ಅದು ಎಚ್ಚರಿಕೆಯಿಲ್ಲದೆ ಬರೆದ ಪ್ರೋಗ್ರಾಮುಗಳು ದಶಮಾಂಶ ಸ್ಥಾನಗಳಲ್ಲಿ ಕಳೆದುಕೊಳ್ಳುವ ನಿಖರತೆಯನ್ನು ಬಯಲಿಗೆ ತರುತ್ತದೆ. ಶಕ್ಯವಾದಷ್ಟು ಬೇಡದ ಅಂಕಿಗಳನ್ನೂ ಕೊಟ್ಟು ನೋಡಬೇಕು: ಒಂದು ಓದು ಖಾಲಿ, ಒಂದರಲ್ಲಿ ದಶಮಾಂಶ ಬಿಂದು ತಪ್ಪಿದ ಸ್ಥಾನದಲ್ಲಿ, ಒಂದು ಸೆನ್ಸರ್ ತಂತಿ ಕಳಚಿದಾಗಿನದು. ಇವನ್ನು ಕಂಡು ನಿಲ್ಲದೆ ಪ್ರಮಾಣಪತ್ರ ಮುದ್ರಿಸುವ ವ್ಯವಸ್ಥೆಯನ್ನು ಬಳಕೆಗೆ ತರಬಾರದು.

ಸಣ್ಣ ಘಟಕವೊಂದು ಈ ದಾರಿಯಲ್ಲಿ ಹೊರಡುವುದಾದರೆ ಉಷ್ಣತೆ ಅಥವಾ ಒತ್ತಡದ ಉಪಕರಣಗಳಿಂದ ಶುರು ಮಾಡುವುದು ಒಳ್ಳೆಯದು, ಅಲ್ಲಿ ಸಮೀಕರಣಗಳು ಗೊತ್ತಿರುವಂಥವು, ಕಾಯುವ ಸಮಯವೂ ಅಲ್ಲಿಯೇ ಹೆಚ್ಚು. ಡಯಲ್ ಇರುವ ಹಳೆಯ ಗೇಜ್‌ಗಳಿಗೆ ಕೇಬಲ್ ಜೋಡಿಸಲಾಗದು. ಅವುಗಳ ಮುಳ್ಳನ್ನು ಕ್ಯಾಮೆರಾದಿಂದ ಓದಿಸಬಹುದು, ಆದರೆ ಕ್ಯಾಮೆರಾ ಓರೆಯಾಗಿದ್ದರೆ ಉಂಟಾಗುವ ದೋಷವನ್ನೂ ಆಗ ಮಾದರಿಗೆ ಸೇರಿಸಬೇಕಾಗುತ್ತದೆ. ಹೊಸ ವ್ಯವಸ್ಥೆ ಸಿದ್ಧವಾದ ಮೇಲೆ ಹಳೆಯ ಕೈಕೆಲಸವನ್ನು ತಕ್ಷಣ ನಿಲ್ಲಿಸದೆ, ಒಂದೇ ಉಪಕರಣವನ್ನು ಎರಡೂ ವಿಧದಲ್ಲಿ ಕ್ಯಾಲಿಬ್ರೇಟ್ ಮಾಡಿ, ಎರಡು ಫಲಿತಾಂಶಗಳ ವ್ಯತ್ಯಾಸವನ್ನು ಅವುಗಳ ಅನಿಶ್ಚಿತತೆಗಳ ವರ್ಗಗಳ ಮೊತ್ತದ ವರ್ಗಮೂಲದಿಂದ ಭಾಗಿಸಿ ನೋಡುವುದು ಪ್ರಯೋಗಾಲಯಗಳ ನಡುವಿನ ಹೋಲಿಕೆಯಲ್ಲಿ ಬಳಕೆಯಲ್ಲಿರುವ ಪರೀಕ್ಷೆ. ಉತ್ತರ 1ಕ್ಕಿಂತ ಕಡಿಮೆಯಿದ್ದರೆ ಎರಡೂ ಹೊಂದುತ್ತವೆ ಎನ್ನುತ್ತಾರೆ. ಒಂದೇ ಪ್ರಯೋಗಾಲಯದಲ್ಲಿ ಒಂದೇ ಸ್ಟಾಂಡರ್ಡ್ ಬಳಸಿ ಈ ಹೋಲಿಕೆ ಮಾಡುವಾಗ ಒಂದು ಎಚ್ಚರ ಬೇಕು: ಆ ಸ್ಟಾಂಡರ್ಡ್‌ನ ಅನಿಶ್ಚಿತತೆ ಎರಡೂ ಕಡೆ ಸಮಾನವಾಗಿರುವುದರಿಂದ ಅದು ವ್ಯತ್ಯಾಸದಲ್ಲಿ ಕಾಣಿಸಿಕೊಳ್ಳುವುದಿಲ್ಲ, ಆದ್ದರಿಂದ ಭಾಗಿಸುವ ಮೊದಲು ಆ ಪಾಲನ್ನು ಛೇದದಿಂದ ತೆಗೆದುಹಾಕಬೇಕು. ತೆಗೆಯದೆ ಬಂದ 0.6 ಎಂಬ ಉತ್ತರ, ತೆಗೆದ ಮೇಲೆ 1ನ್ನು ಮೀರುವುದು ಅಪರೂಪವೇನಲ್ಲ.